ಟ್ರಂಕಿನಲ್ಲಿದ್ದ ‘ಅದು’

ದಣಿವಿಗೆ ಕಣ್ಣಿಗೆ ಕಾಣುವ ಕಾರಣವೊಂದು ಬೇಕು ಎಂದು ಜನ ನಂಬಿದ್ದಾರೆ. ಹತ್ತಿ ಬಿಡಿಸಿ ಬಂದವರ ಬೆನ್ನು ನೋಯುತ್ತದೆ, ಮಗ್ಗದಲ್ಲಿ ಕುಳಿತವರ ಮೊಣಕಾಲು ಹಿಡಿಯುತ್ತದೆ. ಅದನ್ನು ಯಾರೂ ಪ್ರಶ್ನಿಸುವುದಿಲ್ಲ. ಫ್ಯಾನಿನ ಕೆಳಗೆ ಕುರ್ಚಿ ಹಾಕಿಕೊಂಡು, ಬೆರಳ ತುದಿ ಬಿಟ್ಟರೆ ಮತ್ತೇನನ್ನೂ ಅಲುಗಾಡಿಸದ ನನ್ನಂಥವಳು “ಸಾಕಾಗಿ ಹೋಗಿದೆ” ಎಂದರೆ ಮಾತ್ರ ಎಲ್ಲರ ಹುಬ್ಬೂ ಮೇಲೇರುತ್ತದೆ. “ಏನ್ ಮಾಡಿ ಸಾಕಾತು?” ಎಂದು ನಮ್ಮ ಅತ್ತೆ ಕೇಳುತ್ತಾರೆ. ವ್ಯಂಗ್ಯವೇನೂ ಇಲ್ಲ, ನಿಜವಾದ ಕುತೂಹಲ. ಉತ್ತರ ಹೇಳಲು ಹೋಗಿ ನಾನು ಇನ್ನಷ್ಟು ದಣಿಯುತ್ತೇನೆ. ಅದಕ್ಕೇ ಈಗ ನಿಮ್ಮ ಹತ್ತಿರ ಹೇಳಿಕೊಳ್ಳುತ್ತಿದ್ದೇನೆ: ನನ್ನನ್ನು ಹೀಗೆ ಹಿಂಡಿ ಹಾಕಿರುವುದು ‘ಅದು’ ಎಂಬ ಎರಡಕ್ಷರ.

ತೆಲಂಗಾಣದ ಗಡಿಯೂರು ನಾರಾಯಣಪೇಟೆಯಲ್ಲಿ ನಮ್ಮದು ನೇಕಾರರ ಓಣಿಯ ಮನೆ. ಪಡಸಾಲೆಯ ಒಂದು ಬದಿಗೆ ಅತ್ತೆಯ ಕುಣಿಮಗ್ಗ, ಇನ್ನೊಂದು ಬದಿಗೆ ನನ್ನ ಮೇಜು, ಅದರ ಮೇಲೆ ಲ್ಯಾಪ್‌ಟಾಪ್. ಮೊಣಕಾಲು ಕೈಕೊಟ್ಟ ಮೇಲೆ ಅತ್ತೆ ನೇಯುವುದನ್ನು ಬಿಟ್ಟಿದ್ದಾರೆ. ಆದರೆ ಮಗ್ಗ ಬಿಚ್ಚುವ ಮಾತು ಯಾರಾದರೂ ಎತ್ತಿದರೆ ಅವತ್ತಿನ ಸಾರಿಗೆ ಖಾರ ಜಾಸ್ತಿಯಾಗುತ್ತದೆ. ಮಾವ ಯಾವಾಗಲೋ ಒಮ್ಮೆ ಅದರ ಮೇಲೆ ಒದ್ದೆ ಟವೆಲ್ ಒಣಹಾಕಿದ್ದರಂತೆ. ಅದಕ್ಕಾಗಿ ಇವತ್ತಿಗೂ ಬೈಸಿಕೊಳ್ಳುತ್ತಿದ್ದಾರೆ. ನಾನು ರಾಯಚೂರಿನಿಂದ ಮದುವೆಯಾಗಿ ಬಂದ ಹೊಸತರಲ್ಲಿ ಓಣಿಯ ಹೆಂಗಸರು “ಸಣ್ಣ ಸೊಸಿ ಏನ್ ಮಾಡತಾಳ?” ಎಂದು ಕೇಳಿದರೆ ಅತ್ತೆ, “ಅದ, ಅದರ ಮುಂದ ಕುಂದರತಾಳ” ಎನ್ನುತ್ತಿದ್ದರು. ಕೇಳಿದವರು ತಲೆದೂಗಿ ಹೋಗುತ್ತಿದ್ದರು. ಅವರಿಗೆ ಏನು ತಿಳಿಯಿತೋ ನನಗೆ ಇನ್ನೂ ತಿಳಿದಿಲ್ಲ.

ಅತ್ತೆಗೆ ವಸ್ತುಗಳ ಹೆಸರು ಹೇಳುವ ಅಭ್ಯಾಸವಿಲ್ಲ. “ಅದು ಒಲಿ ಮ್ಯಾಲೆ ಐತಿ, ಅದರಾಗ ಅದು ಹಾಕಿ ಅದಕ್ಕ ಕೊಡು” ಎಂದು ನನ್ನ ಮೊದಲ ವಾರದಲ್ಲೇ ಒಂದು ಅಪ್ಪಣೆಯಾಯಿತು. ಒಲೆಯ ಮೇಲೆ ಎರಡು ಪಾತ್ರೆಗಳಿದ್ದವು. ನಾನು ಬುದ್ಧಿ ಓಡಿಸಿ, ಹಾಲಿಗೆ ಸಕ್ಕರೆ ಹಾಕಿ ಮಾವನಿಗೆ ಕೊಟ್ಟೆ. ಅತ್ತೆ ಹೇಳಿದ್ದು ಗಂಜಿಗೆ ಉಪ್ಪು ಹಾಕಿ ಎಮ್ಮೆಗೆ ಕೊಡು ಎಂದು. ಮಾವ ದೂರಲಿಲ್ಲ, ಎಮ್ಮೆ ದೂರಿತು. ಅದು ಕೂಗಿದ ಕೂಗಿಗೆ ಓಣಿಗೆಲ್ಲ ಗೊತ್ತಾಯಿತು, ಮಗ್ಗದ ಮನೆಗೆ ಬಂದ ಹೊಸ ಸೊಸೆಗೆ ಇನ್ನೂ ಮಾತು ಬರುವುದಿಲ್ಲ ಎಂದು.

ಆಗ ನನ್ನನ್ನು ಕಾಪಾಡುತ್ತಿದ್ದವಳು ಶಾಂತಕ್ಕ, ನನ್ನ ಗಂಡನ ಅಣ್ಣನ ಹೆಂಡತಿ. ಅತ್ತೆ ‘ಅದು’ ಎಂದ ಕೂಡಲೇ ಶಾಂತಕ್ಕ ಎದ್ದು ಹೋಗಿ ಸರಿಯಾದ ‘ಅದು’ವನ್ನೇ ತಂದು ಕೊಡುತ್ತಿದ್ದಳು. ಕೇಳುವುದಿಲ್ಲ, ಗೊಣಗುವುದಿಲ್ಲ, ಯಾವುದೆಂದು ಯೋಚಿಸುವ ಮುಖವನ್ನೂ ಮಾಡುವುದಿಲ್ಲ. “ನಿಂಗ ಹೆಂಗ ತಿಳೀತೈತಿ ಅಕ್ಕಾ?” ಎಂದರೆ, “ಹೊತ್ತು ನೋಡಬೇಕು, ಕಣ್ಣು ಎತ್ತಲಾಗ ಐತಿ ನೋಡಬೇಕು” ಎನ್ನುತ್ತಿದ್ದಳು. ಆಮೇಲೆ ಭಾವನಿಗೆ ಗದ್ವಾಲದ ಒಂದು ಸೀರೆ ಅಂಗಡಿಯಲ್ಲಿ ಕೆಲಸ ಸಿಕ್ಕು ಅವರು ಸಂಸಾರ ಸಮೇತ ಅಲ್ಲಿಗೆ ಹೋದರು. ‘ಅದು’ವಿನ ಉಸ್ತುವಾರಿ ನನ್ನ ತಲೆಗೆ ಬಂತು.

ಈ ಅಭ್ಯಾಸ ಬರೀ ಸೋಮಾರಿತನದ್ದಾಗಿದ್ದರೆ ತಿದ್ದಬಹುದಿತ್ತು. ಅದಕ್ಕೆ ಶಾಸ್ತ್ರವೂ ಇದೆ. ನಮ್ಮ ಮನೆಯಲ್ಲಿ ಶುಭಕ್ಕೆಂದು ತೆಗೆದಿಟ್ಟ ಸೀರೆಯ ಹೆಸರನ್ನು ಅದು ಉಡಿಗೆ ಬೀಳುವ ತನಕ ಎತ್ತಬಾರದು, ದೃಷ್ಟಿಯಾಗುತ್ತದೆ. ಕೆಟ್ಟದ್ದರ ಹೆಸರನ್ನಂತೂ ಎತ್ತಲೇಬಾರದು, ಅದು ಕೇಳಿಸಿಕೊಂಡು ಬಂದುಬಿಡುತ್ತದೆ. ಹೀಗಾಗಿ ಒಳ್ಳೆಯದಕ್ಕೂ ‘ಅದು’, ಕೆಟ್ಟದ್ದಕ್ಕೂ ‘ಅದು’. ನಡುವೆ ಉಳಿಯುವ ಉಪ್ಪು, ಪೊರಕೆ, ಎಮ್ಮೆಗಳಿಗೆ ಬೇಕಾದರೆ ಹೆಸರು ಹೇಳಬಹುದು, ಆದರೆ ಆ ಹೊತ್ತಿಗೆ ನಾಲಿಗೆ ರೂಢಿ ಬಿದ್ದಿರುತ್ತದೆ.

ಈಗ ನನ್ನ ನೌಕರಿಯ ಕಷ್ಟಕ್ಕೆ ಬರುತ್ತೇನೆ. ಹೈದರಾಬಾದಿನ ಒಂದು ಸಣ್ಣ ಕಂಪನಿಗೆ ನಾನು ಮನೆಯಿಂದಲೇ ಕೆಲಸ ಮಾಡುತ್ತೇನೆ. ಸೀರೆ ಅಂಗಡಿಗಳಿಗೆ ಸಾಫ್ಟ್‌ವೇರ್ ಬರೆಯುವುದು ನಮ್ಮ ಕಸುಬು. ನಾವು ಬರೆಯುವ ಜಾವಾ ಪ್ರೋಗ್ರಾಮಿಗೂ ಡೇಟಾಬೇಸಿಗೂ ನಡುವೆ ಒಂದು ಲೈಬ್ರರಿ ಕುಳಿತಿರುತ್ತದೆ. ಪ್ರೋಗ್ರಾಮಿನಲ್ಲಿ ಸೀರೆ ಎಂದರೆ ಇಡಿಯಾದ ಒಂದು ವಸ್ತು, ಡೇಟಾಬೇಸಿನಲ್ಲಿ ಅದೇ ಸೀರೆ ಒಂದು ಸಾಲು, ಕೆಲವು ಕಾಲಂ. ಇಲ್ಲಿಯದನ್ನು ಅಲ್ಲಿಗೆ, ಅಲ್ಲಿಯದನ್ನು ಇಲ್ಲಿಗೆ ಮಡಚಿ ಬಿಡಿಸಿ ಕೊಡುವುದು ಲೈಬ್ರರಿಯ ಕೆಲಸ. ನಮ್ಮಲ್ಲಿ ‘ಮಾಲು’ ಎಂಬ ಒಂದು ತಾಯಿ ಕ್ಲಾಸ್, ಅಂದರೆ ಮೂಲ ಅಚ್ಚು, ಇದೆ. ಅದಕ್ಕೆ ಇಬ್ಬರು ಮಕ್ಕಳು: ನಾರಾಯಣಪೇಟೆ ಸೀರೆ, ಗದ್ವಾಲ ಸೀರೆ. ಪ್ರತಿ ಸೀರೆಗೂ ಒಂದು ಗುರುತು ಇರುತ್ತದೆ. ನಾರಾಯಣಪೇಟೆಯದಕ್ಕೆ ಬರೀ ಅಂಕಿ, ಗದ್ವಾಲದ್ದಕ್ಕೆ ಅಕ್ಷರ. ಹಾಗಾದರೆ ತಾಯಿಯಲ್ಲಿ ಗುರುತಿನ ಜಾಗಕ್ಕೆ ಏನು ಬರೆಯಬೇಕು? ಅಲ್ಲಿ ‘ಟಿ’ ಎಂಬ ಒಂಟಿ ಅಕ್ಷರ ಬರೆದು ಬಿಟ್ಟಿದ್ದೆವು. ಟಿ ಎಂದರೆ ಏನೋ ಒಂದು, ಮಕ್ಕಳು ಹುಟ್ಟಿದಾಗ ಹೇಳುತ್ತಾರೆ ಎಂದರ್ಥ. ಜಾವಾ ಕಲಿತವರು ಇದನ್ನು ಜೆನೆರಿಕ್ ಟೈಪ್ ಎನ್ನುತ್ತಾರೆ. ನಮ್ಮ ಮನೆಯಲ್ಲಿ ‘ಅದು’ ಎನ್ನುತ್ತಾರೆ.

ಹಳೆಯ ಲೈಬ್ರರಿ ಇದನ್ನೆಲ್ಲ ತಕರಾರಿಲ್ಲದೆ ನಡೆಸಿಕೊಂಡು ಹೋಗುತ್ತಿತ್ತು. ಗದ್ವಾಲ ಸೀರೆ ಬಂದರೆ ಟಿ ಎಂದರೆ ಅಕ್ಷರ, ನಾರಾಯಣಪೇಟೆಯದು ಬಂದರೆ ಟಿ ಎಂದರೆ ಅಂಕಿ, ಹೇಗೋ ತಿಳಿದುಕೊಳ್ಳುತ್ತಿತ್ತು. ಆದರೆ ಹಳೆಯದಕ್ಕೆ ಇನ್ನು ಮುಂದೆ ರಿಪೇರಿ ಸಿಗುವುದಿಲ್ಲ, ಹೊಸದಕ್ಕೆ ಬದಲಾಯಿಸಿ ಎಂದು ಮೇಲಿನಿಂದ ಅಪ್ಪಣೆ ಬಂತು. ಬದಲಾಯಿಸಿದೆ. ಹೊಸ ಲೈಬ್ರರಿ ಮೊದಲು ನಾರಾಯಣಪೇಟೆಯ ಮಗುವನ್ನು ನೋಡಿತು. ಓಹೋ, ಈ ತಾಯಿಯ ಮಕ್ಕಳ ಗುರುತು ಅಂಕಿ ಎಂದು ತೀರ್ಮಾನಿಸಿ ಕುಳಿತಿತು. ಆಮೇಲೆ ಗದ್ವಾಲದ್ದು ಬಂದಾಗ, ಇದು ಅಂಕಿಯಲ್ಲ, ನಾನು ಮುಟ್ಟುವುದಿಲ್ಲ ಎಂದು ಕೈ ಎತ್ತಿತು. ಕೈ ಎತ್ತುವುದನ್ನೂ ಸುಮ್ಮನೆ ಎತ್ತುವುದಿಲ್ಲ. ಯಾರು ಯಾರನ್ನು ಕರೆದರು, ಅವರನ್ನು ಅದಕ್ಕೆ ಮೊದಲು ಯಾರು ಕರೆದಿದ್ದರು ಎಂದು ವಂಶಾವಳಿ ಸಮೇತ ಪರದೆಯ ತುಂಬ ಕೆಂಪು ಸಾಲು ಸುರಿಯುತ್ತದೆ. ಅದನ್ನೆಲ್ಲ ಓದಿ ಮುಗಿಸಿದ ಮೇಲೆ ತಿಳಿಯುವುದು ಇಷ್ಟೇ: ಅದಕ್ಕೆ ತಿಳಿಯಲಿಲ್ಲ.

ಇಡೀ ವಾರ ಇದೇ ಆಯಿತು. ಅಂತರ್ಜಾಲದಲ್ಲಿ ಹುಡುಕಿದರೆ ದೇಶಾಂತರದ ಅಪರಿಚಿತರು ಇದೇ ಗೋಳು ತೋಡಿಕೊಂಡಿದ್ದರು. ಒಬ್ಬ ಪುಣ್ಯಾತ್ಮ ಕೊನೆಗೆ “ನನಗೆ ಸರಿಹೋಯಿತು, ಧನ್ಯವಾದ” ಎಂದು ಬರೆದು, ಹೇಗೆ ಎಂದು ಹೇಳದೆ ಮಾಯವಾಗಿದ್ದ. ಅವನೂ ನಮ್ಮ ಅತ್ತೆಯ ಕಡೆಯವನೇ ಇರಬೇಕು. ನಾನು ತಲೆ ಹಿಡಿದುಕೊಂಡು ಕುಳಿತದ್ದನ್ನು ಕಂಡು ಅತ್ತೆ ಹತ್ತಿರ ಬಂದರು.

“ಏನಂತೈತಿ ಅದು?”

“ಅದು ಅಂದ್ರ ಯಾವುದು, ಬಿಡಿಸಿ ಹೇಳು ಅಂತೈತ್ರಿ ಅತ್ತಿ.”

“ಹಳೇದು ಏನಂತಿತ್ತು?”

“ಏನೂ ಅಂತಿರಲಿಲ್ರಿ. ಸುಮ್ನ ತಿಳ್ಕೋತಿತ್ತು.”

ಅತ್ತೆ ಒಂದು ನಿಟ್ಟುಸಿರು ಬಿಟ್ಟರು. “ನಮ್ಮ ಶಾಂತಾನಂಗ ಅನ್ನು,” ಎಂದು ಒಳಗೆ ಹೋದರು. ಈ ಮನೆಯ ಹೊಸ ಲೈಬ್ರರಿ ಯಾರು ಎಂದು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಅದೇ ವಾರದ ಕೊನೆಗೆ ಗದ್ವಾಲದಲ್ಲಿ ಶಾಂತಕ್ಕನ ಮಗಳು ಮಂಜುಳೆಯ ಕುಬುಸ. ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಬಸುರಿಯ ಉಡಿ ತುಂಬುವ ಕಾರ್ಯ. ಮಂಜುಳೆಗೆ ಹಿಂದಿನ ಸಲ ಬಸಿರು ನಿಂತಿರಲಿಲ್ಲ. ಆಗ ಆ ಹುಡುಗಿ ಅತ್ತಿದ್ದನ್ನು ನಾನು ಇನ್ನೂ ಮರೆತಿಲ್ಲ. ಈ ಸಲ ಎಲ್ಲರೂ ಉಸಿರು ಬಿಗಿಹಿಡಿದು ಕಾದಿದ್ದರು. ಅತ್ತೆಯಂತೂ ಕಾರ್ಯದ ಹೆಸರನ್ನೇ ಎತ್ತುತ್ತಿರಲಿಲ್ಲ, “ಅದು ಒಂದು ನೆಟ್ಟಗ ಆಗಲಿ” ಎಂದಷ್ಟೇ ಅನ್ನುತ್ತಿದ್ದರು. ತಮ್ಮ ಕೈಯಿಂದ ನೇಯ್ದ ಸೀರೆಯನ್ನೇ ಮೊಮ್ಮಗಳ ಉಡಿಗೆ ಹಾಕಬೇಕೆಂಬುದು ಅವರ ಬಹಳ ದಿನದ ಆಸೆ. ಅತ್ತೆ, ಮಾವ ಹಿಂದಿನ ದಿನವೇ ಬಸ್ಸು ಹತ್ತಿದರು. ನಾನು ಕಂಪನಿಗೆ ಬೆಳಗಿನ ಲೆಕ್ಕ ಒಪ್ಪಿಸಿ, ಮಕ್ತಲಿನ ಶಾಲೆಯಲ್ಲಿ ಮೇಷ್ಟ್ರಾಗಿರುವ ನಮ್ಮವರನ್ನು ದಾರಿಯಲ್ಲಿ ಕೂಡಿಕೊಂಡು ಹೋಗುವುದೆಂದು ಮಾತಾಗಿತ್ತು.

ಮರುದಿನ ಬೆಳಿಗ್ಗೆ ಮ್ಯಾನೇಜರ್ ಸಾರ್ ಕಂಪ್ಯೂಟರಿನಲ್ಲಿ ಕೆಲಸ ಮುಗಿಯಿತೇ ಎಂದು ತೆಲುಗಿನಲ್ಲಿ “ಏಮ್ಮಾ, ಅಯಿಂದಾ?” ಅನ್ನುತ್ತಿದ್ದಾಗಲೇ ಅತ್ತೆಯ ಫೋನ್ ಬಂತು.

“ಸಣ್ಣಾಕಿ, ಅದು ಅಲ್ಲೇ ಮರೆತು ಬಂದೀನಿ. ಬರೂವಾಗ ತಗೊಂಡು ಬಾ.”

“ಯಾವುದ್ರಿ ಅತ್ತಿ?”

“ಅದ. ಟ್ರಂಕಿನ್ಯಾಗ ಗಂಟು ಕಟ್ಟಿ ಇಟ್ಟೀನಲ್ಲ.” ಹಿಂದೆ ಹೆಂಗಸರ ಗದ್ದಲ ಕೇಳುತ್ತಿತ್ತು. ಅಷ್ಟು ಜನರ ನಡುವೆ ಅವರು ಬಾಯಿ ಬಿಡುವುದು ಸಾಧ್ಯವೇ ಇರಲಿಲ್ಲ.

“ಹಸರು ಸೀರಿ ಏನ್ರಿ?” ಎಂದೆ ಮೆಲ್ಲಗೆ.

“ಹೂಂ, ಅದ. ಜಲ್ದಿ ಬಾ,” ಎಂದು ಇಟ್ಟುಬಿಟ್ಟರು.

ಟ್ರಂಕು ತೆರೆದೆ. ಮೇಲೆಯೇ ಒಗೆದ ಬಿಳಿ ಪಂಚೆಯಲ್ಲಿ ಕಟ್ಟಿದ ಗಂಟು ಇತ್ತು. ಬಿಚ್ಚಿ ನೋಡಿದರೆ ಹಸಿರು ಚೌಕಳಿಯ, ಕೆಂಪು ಅಂಚಿನ ನಾರಾಯಣಪೇಟೆ ಸೀರೆ. ಅದರ ಮಡಿಕೆಯಲ್ಲಿ ಹಸಿರು ಗಾಜಿನ ಬಳೆ, ಅರಿಶಿನ, ಕುಂಕುಮ, ಅಡಿಕೆ, ಬಿಗಿಯಾಗಿ ಬಿರಡೆ ಹಾಕಿದ ಒಂದು ಸಣ್ಣ ನೀರಿನ ಸೀಸೆ. ಬಸುರಿಯ ಮೇಲೆ ಚಿಮುಕಿಸಲು ತೀರ್ಥವನ್ನೂ ಮರೆತಿಲ್ಲವಲ್ಲ ಎಂದು ಅತ್ತೆಯ ಅಚ್ಚುಕಟ್ಟಿಗೆ ಮನಸ್ಸಿನಲ್ಲೇ ಕೈ ಮುಗಿದೆ. ಆದರೂ ಒಂದು ಅನುಮಾನ ಬೇಡವೆಂದು ನಮ್ಮವರಿಗೆ ಫೋನ್ ಮಾಡಿ, “ಅತ್ತಿ ಅದು ಅಂದ್ರ ಯಾವುದ್ರಿ?” ಎಂದು ಕೇಳಿದೆ. ತರಗತಿಯ ಗಲಾಟೆಯ ನಡುವಿನಿಂದ, “ಅವ್ವ ಅದು ಅಂದಾಳ ಅಂದ್ರ ಅದ ಇರಬೇಕು” ಎಂಬ ಖಚಿತ ಉತ್ತರ ಬಂತು. ಗಂಟು ಕಟ್ಟಿಕೊಂಡು ಹೊರಟೆ.

ಬಸ್ಸಿನಲ್ಲಿ ತೊಡೆಯ ಮೇಲೆ ಲ್ಯಾಪ್‌ಟಾಪ್, ಪಕ್ಕದಲ್ಲಿ ಗಂಟು, ಕಿವಿಯಲ್ಲಿ ಮ್ಯಾನೇಜರ್. ಹೊಲಗಳ ನಡುವೆ ಸಿಗ್ನಲ್ ಹೋಗಿ ಬಂದು ಮಾಡುತ್ತಿದ್ದುದರಿಂದ ನಾನು ಜೋರಾಗಿಯೇ ಮಾತಾಡಬೇಕಾಯಿತು. “ತಾಯಿ ಒಂದೇ ಸಾರ್, ಮಕ್ಕಳು ಇಬ್ಬರು. ದೊಡ್ಡದರ ಗುರುತನ್ನೇ ಸಣ್ಣದಕ್ಕೂ ಹಚ್ಚಿಬಿಡುತ್ತಿದೆ. ಸಣ್ಣದನ್ನು ಒಳಗೇ ಬಿಟ್ಟುಕೊಳ್ಳುತ್ತಿಲ್ಲ.” ಪಕ್ಕದ ಸೀಟಿನ ಮುದುಕಿ ಇದನ್ನೆಲ್ಲ ಗಮನವಿಟ್ಟು ಕೇಳಿ, ನಾನು ಫೋನ್ ಇಟ್ಟ ಕೂಡಲೇ ನನ್ನ ಮೊಣಕೈ ಹಿಡಿದರು. “ತಾಯಿ ಹಂಗ ಮಾಡಬಾರದವ್ವಾ,” ಎಂದರು. “ಹೌದ್ರಿ,” ಎಂದೆ. “ಸಣ್ಣ ಕೂಸು ಈಗ ಯಾರ ಹತ್ರ ಐತಿ?” “ಗದ್ವಾಲದಾಗ ಐತ್ರಿ.” ಅವರು ಲೊಚಗುಟ್ಟಿ, ಮಡಿಲಿನಿಂದ ಒಂದು ಪೇರಲಹಣ್ಣು ತೆಗೆದು ಕೊಟ್ಟರು. ಜಾವಾದ ವಿಷಯದಲ್ಲಿ ನನಗೆ ಇಡೀ ವಾರದಲ್ಲಿ ಸಿಕ್ಕ ಸಹಾನುಭೂತಿ ಅದೊಂದೇ. ಮಕ್ತಲಿನಲ್ಲಿ ನಮ್ಮವರು ಹೂವಿನ ಬುಟ್ಟಿಯೊಂದಿಗೆ ಹತ್ತಿದರು, ಹತ್ತಿದವರೇ ನಿದ್ದೆ ಹೋದರು. ಜುರಾಲ ಅಣೆಕಟ್ಟಿನ ಮೇಲೆ ಬಸ್ಸು ದಾಟುವಾಗ ನಾನು ಕೃಷ್ಣೆಯನ್ನು ನೋಡಲಿಲ್ಲ, ಕೆಂಪು ಸಾಲುಗಳನ್ನೇ ನೋಡುತ್ತಿದ್ದೆ.

ಗದ್ವಾಲದ ಮನೆಯಲ್ಲಿ ಆಗಲೇ ಮಂಜುಳೆಯನ್ನು ಮಣೆಯ ಮೇಲೆ ಕೂರಿಸಿದ್ದರು. ಸುತ್ತ ಮುತ್ತೈದೆಯರು ಕನ್ನಡದ್ದೊಂದು, ತೆಲುಗಿನದೊಂದು ಹಾಡು ಹೇಳುತ್ತಿದ್ದರು. ಹುಡುಗಿಯ ಮುಖ ಹೊಳೆಯುತ್ತಿತ್ತು, ಆದರೆ ಒಂದು ಕೈ ಮಾತ್ರ ಹೊಟ್ಟೆಯ ಮೇಲಿಂದ ಕದಲುತ್ತಿರಲಿಲ್ಲ. ಶಾಂತಕ್ಕ ಗಂಟನ್ನು ಇಸಿದುಕೊಂಡು ನನ್ನನ್ನು ಒಳಕೋಣೆಗೆ ಕರೆದೊಯ್ದು ಬಿಚ್ಚಿದಳು. ಸೀರೆ ನೋಡಿ ನಕ್ಕಳು. ಸೀಸೆ ನೋಡಿ ನಗು ನಿಂತಿತು. ಬಳೆಯೊಂದನ್ನು ಬೆರಳಿನಲ್ಲಿ ತಿರುಗಿಸಿ ನೋಡಿ, ಗೋಡೆಗೆ ಒರಗಿ ಕುಳಿತುಬಿಟ್ಟಳು.

“ತಂಗಿ, ಇದನ್ನ ಯಾಕ ತಂದಿ?”

“ಅತ್ತಿ ಹೇಳಿದ್ರಲ್ಲ ಅಕ್ಕಾ.”

“ಇವು ಅತ್ತಿ ಕೈ ಅಳತೀ ಬಳಿ. ನಮ್ಮ ಹುಡುಗಿ ಕೈಗೆ ಏರಾಂಗಿಲ್ಲ. ಇದು ಕೃಷ್ಣಾ ನೀರು, ಕಡೀಕ ಬಾಯಾಗ ಬಿಡಾಕ.” ಶಾಂತಕ್ಕನ ದನಿ ಇಳಿಯಿತು. “ಇದು ಅತ್ತಿ ತಮ್ಮ ಕಡೀ ದಿನಕ್ಕ ಅಂತ ಇಟ್ಕೊಂಡಿದ್ದು.”

ನಾನೂ ಅವಳ ಪಕ್ಕ ಕುಳಿತೆ. ಆಮೇಲೆ ಶಾಂತಕ್ಕ ಪಿಸುಮಾತಿನಲ್ಲಿ ಎಲ್ಲ ಹೇಳಿದಳು. ನಮ್ಮ ಊರಿನ ಮಗ್ಗದಲ್ಲಿ ಒಂದೊಂದು ಸೀರೆಗೆ ಒಂದೊಂದು ಹಾಸು, ಅಂದರೆ ಉದ್ದದ ಎಳೆ, ಹೂಡುವುದಿಲ್ಲ. ಉದ್ದನೆಯ ಒಂದೇ ಹಾಸಿನಲ್ಲಿ ಸೀರೆಯ ಹಿಂದೆ ಸೀರೆ ನೇಯ್ದು, ಆಮೇಲೆ ಕತ್ತರಿಸುತ್ತಾರೆ. ಅತ್ತೆ ನೇಯ್ದ ಕೊನೆಯ ಹಾಸಿನಲ್ಲಿ ಕಡೆಗೆ ಉಳಿದವು ಎರಡು. ಒಂದನ್ನು ಮೊಮ್ಮಗಳ ಉಡಿಗೆಂದು ತೆಗೆದಿಟ್ಟರು, ಇನ್ನೊಂದನ್ನು ಮುತ್ತೈದೆಯಾಗಿ ಹೋಗುವ ದಿನ ತಮಗೆ ಉಡಿಸಲೆಂದು. ಒಂದೇ ಬಣ್ಣ, ಒಂದೇ ಅಂಚು, ಒಂದೇ ಕೈ. ಹೆಸರೆತ್ತಬಾರದ್ದೆಂದು ಎರಡಕ್ಕೂ ‘ಅದು’ ಎಂದೇ ಹೆಸರು. ತಮ್ಮದನ್ನು ಟ್ರಂಕಿನಲ್ಲಿ ಮೇಲೆಯೇ ಇಟ್ಟಿದ್ದರು, ಆ ಹೊತ್ತಿನಲ್ಲಿ ಯಾರೂ ತಡಕಾಡುವಂತಾಗಬಾರದೆಂದು. ಮೊಮ್ಮಗಳದ್ದು ಅಡಿಯಲ್ಲಿ, ಯಾರ ಕಣ್ಣೂ ಬೀಳದ ಹಾಗೆ. ನಾನು ಅಡಿಯವರೆಗೆ ಕೈ ಹಾಕಿಯೇ ಇರಲಿಲ್ಲ. ಮೊದಲು ಕಂಡದ್ದನ್ನೇ ಖರೆ ಎಂದು ತೀರ್ಮಾನಿಸಿದ ಲೈಬ್ರರಿಗೆ ಅದೇ ಬೆಳಿಗ್ಗೆ ನಾನು ಎಂಥೆಂಥ ಮಾತು ಅಂದಿದ್ದೆ!

ಅಷ್ಟರಲ್ಲಿ ಅತ್ತೆಯೇ ಒಳಗೆ ಬಂದರು, ಅವರ ಹಿಂದೆ ಮಾವ. ಬಿಚ್ಚಿದ ಗಂಟನ್ನು ನೋಡಿದರು. ನಾನು “ಅತ್ತಿ, ತಪ್ಪಾತ್ರಿ” ಎನ್ನಲು ಹೋಗಿ ಅತ್ತುಬಿಟ್ಟೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವರು ಬೈಯಲಿಲ್ಲ, ನೆಲಕ್ಕೆ ಕೈಯೂರಿ ಮೆಲ್ಲಗೆ ಕುಳಿತರು. ಹೊರಗಿನಿಂದ “ಸೀರಿ ತರ್ರಿ, ಹೊತ್ತು ಮೀರತೈತಿ” ಎಂದು ಕೂಗು ಬಂತು. ನಾರಾಯಣಪೇಟೆಗೆ ಹೋಗಿ ಬರುವಷ್ಟು ಸಮಯವಿರಲಿಲ್ಲ. ಭಾವನ ಅಂಗಡಿಯಿಂದ ಹೊಸದೊಂದು ಹಸಿರು ಸೀರೆ ತರಿಸುತ್ತೇನೆ ಎಂದಳು ಶಾಂತಕ್ಕ.

“ಬ್ಯಾಡ,” ಎಂದರು ಅತ್ತೆ. “ನನ್ನ ಕೈಲೆ ನೇದದ್ದ ಹಾಕತೀನಿ ಅಂದೀನಿ. ಇದೂ ನನ್ನ ಕೈಯಿಂದ.”

“ಆದ್ರ ಅತ್ತಿ, ಇದು…” ಶಾಂತಕ್ಕ ಸೀಸೆಯ ಕಡೆ ನೋಡಿದಳು.

ಅತ್ತೆ ಸೀಸೆಯನ್ನು ಕೈಗೆತ್ತಿಕೊಂಡು ಹಿತ್ತಲ ಬಾಗಿಲಿಗೆ ಹೋದರು. ಬಿರಡೆ ತೆಗೆದು, ಅಷ್ಟೂ ನೀರನ್ನು ತುಳಸಿಯ ಬುಡಕ್ಕೆ ಸುರಿದರು. ಮರಳಿ ಬಂದು ಬಳೆಗಳನ್ನು ಒಂದೊಂದಾಗಿ ತಮ್ಮ ಕೈಗೇ ಏರಿಸಿಕೊಂಡರು. ಎಣ್ಣೆ ಸೋಪು ಏನೂ ಬೇಕಾಗಲಿಲ್ಲ, ಅವರ ಅಳತೆಯವೇ ತಾನೇ. ಆಮೇಲೆ ಸೀರೆಯನ್ನು ಕೊಡವಿ, ಹೊಸ ಮಡಿಕೆ ಹಾಕಿದರು.

“ಇನ್ನ ಇದು ಅದಲ್ಲ,” ಎಂದರು. “ಯಾರ ಉಡಿಯಾಗ ಬೀಳತೈತೋ ಅವರದು. ನನಗ ಈಗ ಹೋಗಾಕ ಬರಾಂಗಿಲ್ಲ ನೋಡ್ರಿ. ಉಡಾಕ ಸೀರಿಲ್ಲ, ಬಾಯಿಗೆ ನೀರಿಲ್ಲ. ಕೂಸು ಬರಲಿ, ಆಮ್ಯಾಲೆ ನೋಡೂಣು.”

ಬಾಗಿಲಲ್ಲಿ ನಿಂತಿದ್ದ ಮಾವ, “ಹಂಗಾದ್ರ ಟವೆಲಿನ ಬೈಗುಳ ಇನ್ನೂ ಐತಿ ನನಗ,” ಎಂದರು. ಹೇಳಿದವರೇ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡರು. ಅತ್ತೆ ಬಳೆ ಸದ್ದು ಮಾಡುತ್ತ ಹೊರಗೆ ಹೋಗಿ ಮೊಮ್ಮಗಳ ಉಡಿ ತುಂಬಿದರು. “ಅಜ್ಜಿ, ನೀನ ನೇದದ್ದಾ?” ಎಂದು ಮಂಜುಳೆ ಕೇಳಿದಳು. “ಹೂಂ, ನಿನ್ನ ಸಲುವಾಗೇ ನೇದದ್ದು,” ಎಂದರು ಅತ್ತೆ, ಮುಖದಲ್ಲಿ ಒಂದು ಗೆರೆಯೂ ಕದಲದ ಹಾಗೆ. ಆ ಹುಡುಗಿ ಅದನ್ನು ಉಟ್ಟು ಎದ್ದು ನಿಂತಾಗ ನಾನು ಕಂಬದ ಹಿಂದೆ ಮುಖ ಮರೆಸಿಕೊಂಡೆ. ಅವಳಿಗೆ ಇದಾವುದೂ ಗೊತ್ತಿಲ್ಲ, ನೀವೂ ಹೇಳಬೇಡಿ.

ಎಲ್ಲರೂ ಊಟಕ್ಕೆ ಕುಳಿತಾಗ ನಾನು ಹಿತ್ತಲ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ತೆರೆದೆ. ವಾರವಿಡೀ ಜಾಣತನ ಮಾಡಿ ಸೋತಿದ್ದೆ, ಈಗ ಜಾಣತನಕ್ಕೂ ಶಕ್ತಿ ಉಳಿದಿರಲಿಲ್ಲ. ತಾಯಿಯಿಂದ ಗುರುತಿನ ಆ ಸಾಲನ್ನೇ ಕಿತ್ತು ಹಾಕಿ, ಒಂದೊಂದು ಮಗುವಿನ ಒಳಗೂ ಬಿಡಿಸಿ ಬರೆದೆ: ನಿನ್ನದು ಅಂಕಿ, ನಿನ್ನದು ಅಕ್ಷರ. ಒಂದೇ ಮಾತನ್ನು ಎರಡು ಕಡೆ ಬರೆಯುವುದು ನಮ್ಮ ಕಸುಬಿನಲ್ಲಿ ಅಷ್ಟು ಮರ್ಯಾದೆಯ ಕೆಲಸವಲ್ಲ. ಆದರೆ ಓಡಿತು. ಕೆಂಪು ಸಾಲು ಒಂದೂ ಬರಲಿಲ್ಲ. ಗದ್ವಾಲದ ಸೀರೆ ಗದ್ವಾಲದಲ್ಲೇ ಕುಳಿತ ನನ್ನ ಪರದೆಯ ಮೇಲೆ ತನ್ನ ಗುರುತಿನೊಂದಿಗೆ ಎದ್ದು ಬಂತು. ಮ್ಯಾನೇಜರಿಗೆ ಫೋನ್ ಮಾಡಿ, “ಇನ್ನು ಮೇಲೆ ಎಲ್ಲವನ್ನೂ ಬಿಡಿಸಿಯೇ ಬರೆಯೋಣ ಸಾರ್, ಯಾವುದನ್ನೂ ಊಹೆಗೆ ಬಿಡುವುದು ಬೇಡ” ಎಂದು ಭಾಷಣ ಮಾಡಿದೆ. ಅವರು ಒಪ್ಪಿದರು. ನನ್ನ ದನಿಯಲ್ಲಿ ಏನೋ ಇದ್ದಿರಬೇಕು.

ಕೂಸು ಬಂತು. ಹೆಣ್ಣು, ಗಟ್ಟಿಮುಟ್ಟು, ನಮ್ಮ ಎಮ್ಮೆಯಷ್ಟೇ ಜೋರು ಗಂಟಲು. ಗದ್ವಾಲಕ್ಕೆ ಹೋಗಿ ಬಾಣಂತಿಯನ್ನು ನೋಡಿಕೊಂಡು ಬಂದ ಮೇಲೆ ಒಂದು ಮಧ್ಯಾಹ್ನ ಅತ್ತೆ ತಾವಾಗಿಯೇ ಟ್ರಂಕು ತೆರೆಸಿದರು. “ನಿನ್ನ ಡಬ್ಬಿಗೆ ಬರದಂಗ ಇದಕ್ಕೂ ಎಲ್ಲಾ ಬಿಡಿಸಿ ಚೀಟಿ ಹಚ್ಚು. ಇನ್ನೊಮ್ಮೆ ಹೈರಾಣ ಆಗೂದು ಬ್ಯಾಡ,” ಎಂದರು ಲ್ಯಾಪ್‌ಟಾಪಿನ ಕಡೆ ಕೈ ಮಾಡಿ. ಕೊನೆಗೂ ನಮ್ಮ ಮನೆಗೆ ಹೊಸ ಆವೃತ್ತಿ ಬಂತು ಎಂದು ನಾನು ಹಿಗ್ಗಿದೆ. ಚೀಟಿ, ಅಂಟು, ದಪ್ಪ ಪೆನ್ನು ಎಲ್ಲ ಹರವಿಕೊಂಡು ಕುಳಿತೆ. ಹಬ್ಬದ ಸೀರೆಗೆ ಹಬ್ಬದ್ದು ಎಂದು ಬರೆದೆ, ಮಾವನ ಪಂಚೆಗೆ ಮಾವನದು ಎಂದು ಬರೆದೆ. ಅಡಿಯಲ್ಲಿ ಒಂದು ಗಂಟು ಉಳಿಯಿತು. ಹಸಿರು ಚೌಕಳಿ, ಕೆಂಪು ಅಂಚು. ಮಂಜುಳೆಗೆಂದು ಇಟ್ಟು, ಆ ದಿನ ನಾನು ತಾರದೆ ಹೋದದ್ದು.

“ಅದನ್ನ ಮ್ಯಾಲ ಇಡು,” ಎಂದರು ಅತ್ತೆ, ಮಗ್ಗದ ಕಡೆ ನೋಡುತ್ತ.

ಯಾವುದು ಎಂದು ನಾನು ಕೇಳಲಿಲ್ಲ. ಮೇಲೆ ಇಟ್ಟೆ. ಬಳೆ ಇರಲಿಲ್ಲ, ಅವು ಅತ್ತೆಯ ಕೈಯಲ್ಲೇ ಇದ್ದವು. ಸೀಸೆ ಖಾಲಿ ಇತ್ತು. ಕೃಷ್ಣೆಯ ಕಡೆ ಹೋದಾಗ ತುಂಬಿಸಿಕೊಂಡು ಬಾ ಎಂದು ಅತ್ತೆ ಮಾವನಿಗೆ ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ. ಮಾವ ಹೋಗುತ್ತಾರೆ, ಬರುತ್ತಾರೆ, ಪ್ರತಿ ಸಲವೂ ಮರೆಯುತ್ತಾರೆ. ಬೈಸಿಕೊಳ್ಳುತ್ತಾರೆ, ಮತ್ತೆ ಮರೆಯುತ್ತಾರೆ.

ಚೀಟಿಯೊಂದನ್ನು ಕೈಗೆ ತೆಗೆದುಕೊಂಡೆ. ಬರೆಯಬೇಕಾದದ್ದು ಏನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಪೆನ್ನೂ ಹೊಸದೇ. ಮ್ಯಾನೇಜರಿಗೆ ಮಾಡಿದ ಭಾಷಣವೂ ನೆನಪಿತ್ತು. ಕೊನೆಗೆ ಎರಡಕ್ಷರ ಬರೆದು, ಅಂಟು ಹಚ್ಚಿ, ಗಂಟಿನ ಮೇಲೆ ಒತ್ತಿದೆ.

“ಏನ್ ಬರದಿ?” ಎಂದರು ಅತ್ತೆ.

“‘ಅದು’ ಅಂತ ಬರದೀನ್ರಿ.”

ಅತ್ತೆ ತಿರುಗಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಹುಚ್ಚಿ,” ಎಂದರು, “ಹಂಗ ಬರದ್ರ ಯಾರಿಗೆ ತಿಳೀತೈತಿ?”